ಪಹಣಿಗೆ ಪರಿಹಾರ, ಬೆಳೆದವರಿಗೆ ಬರಿಗೈ

ಅಡಿಕೆಯ ಕೊನೆಕೊಯ್ಲಿಗೆ ದಿನ ಎಣಿಸಬೇಕಾದ ಹೊತ್ತಿನಲ್ಲಿ ಮಲೆನಾಡಿನ ರೈತರು ಕಚೇರಿಗಳ ಮೆಟ್ಟಿಲು ಎಣಿಸುವುದು ಈಗ ವಾರ್ಷಿಕ ವ್ರತದಂತಾಗಿದೆ. ಕೈಯಲ್ಲಿ ಪಹಣಿ, ಆಧಾರ್ ಪ್ರತಿ, ಪಾಸ್‌ಬುಕ್ಕಿನ ನಕಲು, ಮೊಬೈಲಿನಲ್ಲಿ ಹಿಡಿದ ಕುಸಿದ ಧರೆಯ ಚಿತ್ರ. ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಕೊನೆಗೆ ಕೆಲವರ ಖಾತೆಗೆ ಕೆಲವು ಸಾವಿರ ಬೀಳುತ್ತದೆ; ಹಲವರ ಖಾತೆಗೆ ಏನೂ ಬೀಳುವುದಿಲ್ಲ. ಏಕೆ ಬಿತ್ತು, ಏಕೆ ಬೀಳಲಿಲ್ಲ ಎಂಬುದನ್ನು ತಿಳಿಸಿ ಹೇಳುವವರಿಲ್ಲ.

ನಮ್ಮ ನೆರೆಯೂರಿನ ಒಬ್ಬ ತಾಯಿಯ ಸಂಗತಿಯನ್ನು ಓದುಗರ ಮುಂದಿಡುತ್ತೇವೆ. ಹೆಸರು ಬೇಡ; ಪ್ರತಿ ಊರಿನಲ್ಲೂ ಇಂಥವರಿದ್ದಾರೆ. ಗಂಡ ತೀರಿಹೋಗಿ ಹತ್ತು ವರ್ಷವಾಯಿತು. 12 ಗುಂಟೆ ಅಡಿಕೆ ತೋಟ ಇಂದಿಗೂ ಮಾವನ ಹೆಸರಿನಲ್ಲಿದೆ, ಮಾವ ಬದುಕಿಲ್ಲ. ಅದರೊಡನೆ, ಪೇಟೆ ಸೇರಿದ ಒಬ್ಬರ 30 ಗುಂಟೆ ಗದ್ದೆಯನ್ನು ಬಾಯಿಮಾತಿನ ಪಾಲಿಗೆ ಮಾಡುತ್ತಾರೆ. ಮನೆಯ ಹಿಂದೆ ಅಜ್ಜನ ಕಾಲದಿಂದ ಸಾಗುವಳಿಯಲ್ಲಿರುವ, ಕಾಡಿನಂಚಿನ ಅರ್ಧ ಎಕರೆ ಇದೆ, ಅದಕ್ಕೆ ಕಾಗದವಿಲ್ಲ. ಒಂದೇ ಮಳೆಗಾಲದಲ್ಲಿ ಮೂರೂ ಹಾಳಾದವು. ಎರಡು ಸಲ ಬೋರ್ಡೋ ದ್ರಾವಣ ಹೊಡೆಸಿದರೂ ಬಿಡದ ಮಳೆಗೆ ತೋಟದಲ್ಲಿ ಕೊಳೆರೋಗ ಹಬ್ಬಿತು. ನಾಟಿ ಮಾಡಿದ ಗದ್ದೆಯ ಮೇಲೆ ಹೊಳೆ ಮರಳು ಹಾಸಿತು. ಮನೆಯ ಹಿಂದಿನ ತುಂಡು ಧರೆಯೊಡನೆ ಜಾರಿ ಹೋಯಿತು.

ಪರಿಹಾರದ ಪಟ್ಟಿಯಲ್ಲಿ ಆದದ್ದೇನು? ತೋಟದ ಪಹಣಿದಾರ ಸತ್ತಿದ್ದಾನೆ, ಆದ್ದರಿಂದ ಹಣವಿಲ್ಲ. ಗದ್ದೆಯ ಹಣ ಪೇಟೆಯಲ್ಲಿರುವ ಒಡೆಯರ ಖಾತೆಗೆ ಸೇರಿತು. ಕಾಡಿನಂಚಿನ ಜಾಗ ಸರ್ಕಾರದ ಕಣ್ಣಿಗೆ ಜಮೀನೇ ಅಲ್ಲ. ಬರಿಗೈಯಲ್ಲಿ ಹೊರಟ ಆಕೆಯನ್ನು ಕಚೇರಿಯಲ್ಲಿದ್ದವರೊಬ್ಬರು ಕೇಳಿದರಂತೆ: “ವಿಮೆಯನ್ನಾದರೂ ಮಾಡಿಸಬಾರದಿತ್ತೇ ಅಮ್ಮಾ?”

ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಈ ಲೇಖನ.

ಪರಿಹಾರವೆಂಬ ಹೆಸರು, ಪಡಿಯ ಅಳತೆ

ನಾವೆಲ್ಲರೂ ‘ಬೆಳೆ ಪರಿಹಾರ’ ಎನ್ನುತ್ತೇವೆ. ಮಂತ್ರಿಗಳೂ ಹಾಗೆಯೇ ಭಾಷಣ ಮಾಡುತ್ತಾರೆ. ಆದರೆ ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ ಈ ಹಣಕ್ಕಿರುವ ಹೆಸರು ‘ಇನ್‌ಪುಟ್ ಸಬ್ಸಿಡಿ’. ಮುಂದಿನ ಬೆಳೆಗೆ ಬೀಜ, ಗೊಬ್ಬರ ಕೊಳ್ಳಲು ಕೊಡುವ ಒಂದಿಷ್ಟು ಕೈನೆರವು ಎಂದು ಅದರ ಅರ್ಥ. ಹೋದ ಬೆಳೆಯ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಸರ್ಕಾರ ನಷ್ಟ ತುಂಬಿಕೊಡುತ್ತದೆ ಎಂಬ ಭ್ರಮೆಯನ್ನು ಹುಟ್ಟಿಸುವ ಪದವನ್ನು ವೇದಿಕೆಯಲ್ಲಿ ಬಳಸಿ, ನಷ್ಟಕ್ಕೆ ಹೊಣೆಯಲ್ಲವೆನ್ನುವ ಪದವನ್ನು ಕಡತದಲ್ಲಿ ಇಟ್ಟುಕೊಂಡಿರುವುದೇ ಮೊದಲನೆಯ ವಂಚನೆ.

ಅಳತೆಯನ್ನು ನೋಡೋಣ. ಕೇಂದ್ರ ಗೃಹ ಸಚಿವಾಲಯ 2022ರಲ್ಲಿ ಹೊರಡಿಸಿದ, 2026ರ ಮಾರ್ಚ್‌ವರೆಗಿನ ಅವಧಿಯ ನಿಯಮಗಳ ಪ್ರಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500. ಶೇಕಡಾ 33ಕ್ಕಿಂತ ಕಡಿಮೆ ನಷ್ಟವಾದರೆ ಏನೂ ಇಲ್ಲ. 2015ಕ್ಕೆ ಮೊದಲು ಈ ಮಿತಿ ಶೇಕಡಾ 50 ಇತ್ತು ಎಂಬುದನ್ನು ನೆನೆದು ಸಮಾಧಾನಪಟ್ಟುಕೊಳ್ಳಬೇಕು. ಎಷ್ಟೇ ಜಮೀನಿದ್ದರೂ ಎರಡು ಹೆಕ್ಟೇರಿಗೆ ಮಾತ್ರ ಲೆಕ್ಕ.

ಹೆಕ್ಟೇರಿನ ಲೆಕ್ಕ ನಮ್ಮವರಿಗೆ ತಿಳಿಯದು, ಗುಂಟೆಗೆ ಇಳಿಸೋಣ. ಮಳೆಯಾಶ್ರಿತ ಭತ್ತಕ್ಕೆ ಗುಂಟೆಗೆ 86 ರೂಪಾಯಿ. ಅಡಿಕೆ ತೋಟಕ್ಕೆ ಗುಂಟೆಗೆ ಸುಮಾರು 228 ರೂಪಾಯಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಹೆಕ್ಟೇರಿಗೆ ಸುಮಾರು 1,370 ಮರಗಳಿರುತ್ತವೆ. ಅಂದರೆ ಮರವೊಂದಕ್ಕೆ 16 ರೂಪಾಯಿ ಚಿಲ್ಲರೆ! ಸಸಿ ನೆಟ್ಟು ಐದಾರು ವರ್ಷ ನೀರು, ನೆರಳು, ಗೊಬ್ಬರ ಕೊಟ್ಟ ಮೇಲೆ ಫಲ ಬಿಡುವ ಮರಕ್ಕೆ ಈ ಬೆಲೆ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಯಲ್ಲಿ ಮಜ್ಜಿಗೆಯಾದರೂ ಇತ್ತು.

ಬೆಳೆಯ ಮಾತು ಇಷ್ಟಾಯಿತು. ಜಮೀನೇ ಹೋದರೆ? ಭೂಕುಸಿತದಿಂದ, ಹೊಳೆ ಪಾತ್ರ ಬದಲಿಸಿದ್ದರಿಂದ ಭೂಮಿ ನಾಶವಾದರೆ ಅದೇ ನಿಯಮಗಳಲ್ಲಿ ಹೆಕ್ಟೇರಿಗೆ 47,000 ರೂಪಾಯಿ, ಗುಂಟೆಗೆ ಸುಮಾರು 475. ಅದೂ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಮಾತ್ರ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳ ಸುತ್ತಮುತ್ತ ಗುಡ್ಡಗಳು ತೋಟಗಳನ್ನು ಹೊತ್ತುಕೊಂಡೇ ಕೆಳಗಿಳಿದವು. 2019ರಲ್ಲಿ ಮೂಡಿಗೆರೆಯ ಇಳಿಜಾರುಗಳ ಸರದಿ ಬಂತು. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಅಡಿಕೆ ತೋಟಗಳಿದ್ದ ಜಾಗದಲ್ಲಿ ಕೆಂಪು ಮಣ್ಣಿನ ಕಮರಿಗಳು ಉಳಿದವು. ಅಂಥ ಕಡೆ ಮುಂದಿನ ಬಿತ್ತನೆಗೆಂದು ಕೊಡುವ ಸಹಾಯಧನವನ್ನು ಎಲ್ಲಿ ಬಿತ್ತಬೇಕು? ಕಾಡಿನ ದರಕು, ಬೆಟ್ಟದ ಸೊಪ್ಪು, ತಲೆಮಾರುಗಳ ದುಡಿಮೆ ಸೇರಿ ಮಾಡಿದ ಮೇಲ್ಮಣ್ಣಿಗೆ ಗುಂಟೆಗೆ 475 ರೂಪಾಯಿ ಎಂದು ಬೆಲೆ ಕಟ್ಟಿದವರು ಮಣ್ಣನ್ನು ಎಂದಾದರೂ ಕೈಯಲ್ಲಿ ಹಿಡಿದು ನೋಡಿದ್ದಾರೆಯೇ?

ರಾಜ್ಯ ಸರ್ಕಾರ ಕೆಲವು ವರ್ಷ ತನ್ನ ಪಾಲು ಸೇರಿಸಿದ್ದುಂಟು, ನಿಜ. 2019ರಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಸೇರಿಸಿತು. 2021ರ ಡಿಸೆಂಬರಿನಲ್ಲಿ ಮಳೆಯಾಶ್ರಿತ ಬೆಳೆಯ ಮೊತ್ತವನ್ನು 13,600ಕ್ಕೂ ಬಹುವಾರ್ಷಿಕ ಬೆಳೆಯದನ್ನು 28,000ಕ್ಕೂ ಏರಿಸಿತು. 2025ರ ಸೆಪ್ಟೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ನೆರೆಯ ನಂತರ 8,500 ಸೇರಿಸಿ, ಬಹುವಾರ್ಷಿಕ ಬೆಳೆಗೆ 31,000 ರೂಪಾಯಿ ಎಂದು ಪ್ರಕಟಿಸಿತು. ಇವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ಬಾರಿ ಒಂದು ದರ, ಮತ್ತೊಂದು ಬಾರಿ ಮತ್ತೊಂದು ದರ. ಆಳುವವರ ಮನಸ್ಸು, ವಿರೋಧ ಪಕ್ಷದ ಗದ್ದಲ, ಚುನಾವಣೆಯ ದೂರ ಇವೆಲ್ಲ ಸೇರಿ ದರ ನಿಗದಿಯಾಗುವುದಾದರೆ ಅದು ಹಕ್ಕಲ್ಲ, ದರ್ಬಾರಿನ ದಾನ.

ವಿಮೆ ಮಾಡಿಸಬೇಕಿತ್ತು ಎನ್ನುವವರಿಗೆ

ಸಭೆಗಳಲ್ಲಿಯೂ ಪತ್ರಿಕೆಗಳ ಪುಟಗಳಲ್ಲಿಯೂ ಆಗಾಗ ಕೇಳಿಬರುವ ವಾದವೊಂದಿದೆ. ವಿಮೆ ಮಾಡಿಸದವರಿಗೂ ಸರ್ಕಾರ ಹಣ ಕೊಡುತ್ತ ಹೋದರೆ ವಿಮೆ ಮಾಡಿಸುವವರು ಯಾರು? ಕಂತು ಕಟ್ಟಿದವನು ಮೂರ್ಖ, ಕಟ್ಟದವನು ಜಾಣ ಎಂದಾಗುವುದಿಲ್ಲವೇ? ತೆರಿಗೆದಾರರ ಹಣವನ್ನು ಅಜಾಗರೂಕತೆಗೆ ಬಹುಮಾನವಾಗಿ ಕೊಡಬೇಕೇ?

ಈ ವಾದವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಎಲ್ಲರಿಗೂ ಎಟಕುವ, ಎಲ್ಲ ಬೆಳೆಗೂ ಸಿಗುವ, ನಷ್ಟವನ್ನು ನಿಜವಾಗಿ ತುಂಬಿಕೊಡುವ ವಿಮೆಯಿದ್ದು, ಅದನ್ನು ಬೇಕೆಂದೇ ಬಿಟ್ಟವರಿದ್ದರೆ ಅವರ ವಿಷಯದಲ್ಲಿ ಈ ಪ್ರಶ್ನೆ ನ್ಯಾಯವೇ. ಆದರೆ ಮಲೆನಾಡಿನಲ್ಲಿ ಅಂಥ ವಿಮೆ ಎಲ್ಲಿದೆ?

ತೋಟಗಳಿಗಿರುವುದು ಹವಾಮಾನ ಆಧಾರಿತ ಬೆಳೆ ವಿಮೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತರ ಪಾಲಿನ ಕಂತು ಶೇಕಡಾ 5, ಅಂದರೆ 6,400 ರೂಪಾಯಿ. ಕಾಳುಮೆಣಸಿಗೆ 47,000 ರೂಪಾಯಿ ಮೊತ್ತ, 2,350 ರೂಪಾಯಿ ಕಂತು. ನಮ್ಮ ಜಿಲ್ಲೆಗಳಲ್ಲಿ ಸಾವಿರಾರು ರೈತರು ಈ ಕಂತು ಕಟ್ಟುತ್ತಿದ್ದಾರೆ, ಅನೇಕರಿಗೆ ಒಳ್ಳೆಯ ಮೊತ್ತ ಬಂದದ್ದೂ ಉಂಟು. ಆದರೆ ಈ ವಿಮೆ ತೋಟವನ್ನು ನೋಡುವುದಿಲ್ಲ, ಮಳೆಮಾಪಕವನ್ನು ನೋಡುತ್ತದೆ. ಪಂಚಾಯಿತಿಗೊಂದು ಮಾಪಕ, ಅದರ ಅಂಕಿ ನಿಗದಿತ ಮಿತಿ ದಾಟಿದರೆ ಹಣ, ದಾಟದಿದ್ದರೆ ಇಲ್ಲ. ಬಯಲುಸೀಮೆಯಲ್ಲಿ ಇದು ನಡೆದೀತು. ಘಟ್ಟದ ಈ ಮಗ್ಗುಲಲ್ಲಿ ಹೊಯ್ಯುವ ಮಳೆಗೂ ಆ ಮಗ್ಗುಲ ಮಳೆಗೂ ಅಜಗಜಾಂತರವಿರುವ ನಮ್ಮ ಸೀಮೆಯಲ್ಲಿ, ಕಣಿವೆಯ ತೋಟ ಕೊಳೆಯುತ್ತಿರುವಾಗ ಮೂರು ಮೈಲಿ ಆಚೆಯ ಮಾಪಕ ‘ಸಾಧಾರಣ ಮಳೆ’ ಎಂದು ಬರೆದುಕೊಂಡರೆ ರೈತರು ಯಾರನ್ನು ಕೇಳಬೇಕು? ಮಾಪಕವೇ ಕೆಟ್ಟು ನಿಂತರೆ? ಇನ್ನು ಗುಡ್ಡ ಜಾರಿ ತೋಟವೇ ಹೋದರೆ ಮಳೆಯ ಅಂಕಿಯ ಮೇಲೆ ನಿಂತ ವಿಮೆಗೆ ಆ ನಷ್ಟ ಕಾಣುವುದೇ ಇಲ್ಲ.

ಭತ್ತಕ್ಕಿರುವ ಫಸಲ್ ಬಿಮಾ ಯೋಜನೆಯಲ್ಲಿ ಇನ್ನೊಂದು ಬಗೆಯ ಗೋಜಲು. ಅಲ್ಲಿ ಇಡೀ ಪ್ರದೇಶದ ಸರಾಸರಿ ಇಳುವರಿ ಮುಖ್ಯ. ಹೊಳೆಯಂಚಿನ ಹತ್ತು ಗದ್ದೆ ಮುಳುಗಿ, ಮೇಲಿನ ನೂರು ಗದ್ದೆ ಉಳಿದರೆ ಸರಾಸರಿ ಕೆಡುವುದಿಲ್ಲ. ಸ್ಥಳೀಯ ವಿಪತ್ತೆಂದು ಪ್ರತ್ಯೇಕವಾಗಿ ದೂರು ಕೊಡಬಹುದು, ಆದರೆ 72 ಗಂಟೆಗಳೊಳಗೆ. ಆಗಸ್ಟಿನ ಜಡಿಮಳೆಯಲ್ಲಿ ಕರೆಂಟಿಲ್ಲದೆ, ಮೊಬೈಲ್ ಸಂಕೇತವಿಲ್ಲದೆ, ಕಾಲುಸಂಕ ಕೊಚ್ಚಿಹೋಗಿ ವಾರಗಟ್ಟಲೆ ದ್ವೀಪವಾಗುವ ಊರುಗಳಿಗೆ ಈ ಗಡುವು ಯಾವ ನ್ಯಾಯ? ಭತ್ತದ ಗದ್ದೆ ಮುಳುಗಡೆಯಾದರೆ ಕೊಡುತ್ತಿದ್ದ ಸ್ಥಳೀಯ ರಕ್ಷಣೆಯನ್ನು 2018ರಲ್ಲಿ ಕೈಬಿಡಲಾಯಿತು. ಅದನ್ನು ಮರಳಿ ತರುವುದಾಗಿಯೂ, ಕಾಡುಪ್ರಾಣಿಗಳ ಹಾವಳಿಯನ್ನು ಹೊಸದಾಗಿ ಸೇರಿಸುವುದಾಗಿಯೂ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. 2026ರ ಮುಂಗಾರಿನಿಂದ ಜಾರಿ ಎಂದಿತು. ಅಂದರೆ ನಡುವಿನ ಅಷ್ಟೂ ವರ್ಷ ಮುಳುಗಿದ ಗದ್ದೆಯ ಒಡೆಯ, ಕಂತು ಕಟ್ಟಿದ್ದರೂ, ಆ ಮಟ್ಟಿಗೆ ವಿಮೆಯಿಲ್ಲದವನೇ ಆಗಿದ್ದ.

ತೋಟದ ಒಳಹೊಕ್ಕು ನೋಡಿ. ಅಡಿಕೆಯ ನಡುವೆ ಬಾಳೆ, ಏಲಕ್ಕಿ, ವೀಳ್ಯದೆಲೆ, ಜಾಯಿಕಾಯಿ, ಕೋಕೋ. ಅಂಚಿನಲ್ಲಿ ಹಲಸು, ಮುರುಗಲು. ಈ ಮಿಶ್ರಬೆಳೆಯೇ ಮಲೆನಾಡಿನ ಹಳೆಯ ವಿಮೆ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಸರ್ಕಾರದ ಲೆಕ್ಕದಲ್ಲಿ ಅದು ಬರೀ ‘ಅಡಿಕೆ’. ಒಂದೇ ಬೆಳೆಯನ್ನು ಒಂದೇ ಸಾಲಿನಲ್ಲಿ ನೆಟ್ಟವನ ನಷ್ಟವನ್ನು ಅಳೆಯಲು ಅಳತೆಗೋಲಿದೆ. ಹತ್ತು ಬೆಳೆಗಳನ್ನು ಹೊಂದಿಸಿ ಮಣ್ಣು ಕಾಯ್ದವನ ನಷ್ಟಕ್ಕೆ ಅಳತೆಗೋಲೇ ಇಲ್ಲ.

ಹಾಗಾದರೆ ವಿಮೆಯಿಲ್ಲದಿರುವುದು ಯಾರ ತಪ್ಪು? ಸಿಗದ ವಸ್ತುವನ್ನು ಕೊಳ್ಳಲಿಲ್ಲವೆಂದು ಗಿರಾಕಿಯನ್ನು ಬೈಯುವ ಅಂಗಡಿಕಾರನಂತಾಗಿದೆ ಸರ್ಕಾರದ ಮಾತು.

ಕಾಗದವಿಲ್ಲದವರ ಬೆಳೆ

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಇರುವುದು ಇಲ್ಲಿ. ವಿಮೆಗೂ ಪಹಣಿ ಬೇಕು, ಸಾಲಕ್ಕೂ ಪಹಣಿ ಬೇಕು, ಪರಿಹಾರಕ್ಕೂ ಪಹಣಿ ಬೇಕು. ಭೂಮಿ ಕೊಚ್ಚಿಹೋದಾಗ ಕೊಡುವ ನೆರವಂತೂ ಕಂದಾಯ ದಾಖಲೆಗಳ ಪ್ರಕಾರ ಮಾಲೀಕತ್ವ ಸರಿಯಿರುವವರಿಗೆ ಮಾತ್ರ ಎಂದು ಕೇಂದ್ರದ ನಿಯಮದಲ್ಲಿಯೇ ಬರೆದಿದೆ. ಇಂದು ಪಹಣಿ, ಆಧಾರ್, ಬ್ಯಾಂಕ್ ಖಾತೆ, ರೈತರ ಗುರುತಿನ ಸಂಖ್ಯೆ ಈ ನಾಲ್ಕೂ ಒಂದಕ್ಕೊಂದು ಕೂಡಿಕೊಂಡರೆ ಮಾತ್ರ ಗಣಕಯಂತ್ರ ಹಣ ಬಿಡುತ್ತದೆ. ನಡುವಿನ ದಲ್ಲಾಳಿ ತಪ್ಪಿದ, ಒಳ್ಳೆಯದೇ ಆಯಿತು. ಆದರೆ ನಾಲ್ಕರಲ್ಲಿ ಒಂದು ಕೂಡದ ಬಡವರೂ ದಲ್ಲಾಳಿಯೊಡನೆಯೇ ತಪ್ಪಿಹೋದರು.

ಅವರು ಯಾರು? ಬಗರ್‌ಹುಕುಂ ಸಾಗುವಳಿದಾರರು. ನಮೂನೆ 50, 53, 57 ಎಂದು ಅರ್ಜಿಯ ಮೇಲೆ ಅರ್ಜಿ ಕೊಟ್ಟು ಕಾಯುತ್ತಿರುವವರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೇಳಿ, ಬುಡಕಟ್ಟಿನವರಲ್ಲವಾದರೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ ದಾಖಲೆ ತಾ ಎಂದು ಹಿಂದಕ್ಕೆ ಕಳಿಸಲ್ಪಟ್ಟವರು. ಬಾಯಿಮಾತಿನ ಗೇಣಿ, ಪಾಲು ಮಾಡುವವರು; ಗೇಣಿಯನ್ನು ಕಾನೂನು ಒಪ್ಪದ ಕಾರಣ ಬರೆದುಕೊಡಲು ಒಡೆಯನಿಗೂ ಭಯ. ಗಂಡನ ಮನೆಯ ಹಿರಿಯರ ಹೆಸರಿನಲ್ಲಿಯೇ ಉಳಿದ ಖಾತೆಯ ಜಮೀನಿನಲ್ಲಿ ದುಡಿಯುವ ವಿಧವೆಯರು.

ಇವರೊಡನೆ ಇನ್ನೊಂದು ವರ್ಗವನ್ನು ವಿಶೇಷವಾಗಿ ನೆನೆಯಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಕಣಿವೆ ಮುಳುಗಿತು. ನಾಡಿಗೆ ಬೆಳಕು ಕೊಡಲು ತಮ್ಮ ಗದ್ದೆ ತೋಟ ಬಿಟ್ಟು ಎದ್ದು ಬಂದವರನ್ನು ಕಾಡಿನ ನಡುವೆ ಇಳಿಸಲಾಯಿತು. ಅವರಲ್ಲಿ ಅನೇಕ ಕುಟುಂಬಗಳಿಗೆ ಆರು ದಶಕ ಕಳೆದರೂ ಉಳುವ ನೆಲದ ಹಕ್ಕುಪತ್ರ ಸಿಗಲಿಲ್ಲ. ನೋಡಿ, ಎಂಥ ವಿಪರ್ಯಾಸ: ಇವರ ಕಾಗದವನ್ನು ನೀರಿನಲ್ಲಿ ಮುಳುಗಿಸಿದ್ದು ಸರ್ಕಾರ, ಹೊಸ ಕಾಗದ ಕೊಡದೆ ಉಳಿದದ್ದು ಸರ್ಕಾರ, ಈಗ ನೆರೆ ಬಂದಾಗ ‘ಕಾಗದವೆಲ್ಲಿ?’ ಎಂದು ಕೇಳುವುದೂ ಸರ್ಕಾರವೇ!

ಕೂಲಿಕಾರರ ಮಾತು ಇನ್ನೂ ಕಡೆಗಿದೆ. ಕೊನೆಗೌಡನಿಗೆ, ಅಡಿಕೆ ಸುಲಿಯುವ ಹೆಂಗಸರಿಗೆ, ನಾಟಿ ಆಳುಗಳಿಗೆ ಬೆಳೆಯಿಲ್ಲ, ಆದ್ದರಿಂದ ಬೆಳೆನಷ್ಟವೂ ಇಲ್ಲ. ಆದರೆ ತೋಟ ಕೊಳೆತ ವರ್ಷ ಅವರ ಒಲೆಯೂ ಆರುತ್ತದೆ. ಜೀವನೋಪಾಯಕ್ಕೆ ತೀವ್ರ ಪೆಟ್ಟು ಬಿದ್ದ ಕುಟುಂಬಗಳಿಗೆ ದಿನದ ಲೆಕ್ಕದಲ್ಲಿ ನೆರವು ಕೊಡಲು ವಿಪತ್ತು ನಿಧಿಯ ನಿಯಮಗಳಲ್ಲಿ ಅವಕಾಶವಿದೆ. ನಮ್ಮ ಕಡೆ ಅದರ ಹೆಸರು ಕೇಳಿದವರೂ ವಿರಳ.

ಪರಿಹಾರ ಹೋಗಬೇಕಾದದ್ದು ಬೆಳೆ ಕಳೆದುಕೊಂಡವರಿಗೆ. ಈಗ ಹೋಗುತ್ತಿರುವುದು ಪಹಣಿಗೆ. ಈ ಎರಡೂ ಒಂದೇ ಮನೆಯಲ್ಲಿರುವ ಕಡೆ ಯಾರಿಗೂ ತೊಂದರೆ ಕಾಣುವುದಿಲ್ಲ. ಬೇರೆ ಬೇರೆ ಮನೆಗಳಲ್ಲಿರುವ ಕಡೆ ಸರ್ಕಾರದ ಹಣ ಬೆವರಿಲ್ಲದ ಮನೆಯನ್ನು ಹುಡುಕಿಕೊಂಡು ಹೋಗುತ್ತದೆ.

ಉತ್ತು ಮುಗಿದ ಮೇಲೆ ಬಂದ ಬೀಜದ ಹಣ

ಇನ್‌ಪುಟ್ ಸಬ್ಸಿಡಿ ಎಂದ ಮೇಲೆ ಮುಂದಿನ ಬಿತ್ತನೆಗೆ ಮೊದಲು ಕೈಸೇರಬೇಕು. 2023ರ ಬರಗಾಲದ ಕಥೆಯನ್ನು ನೆನಪಿಸಿಕೊಳ್ಳಿ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆಯ ತವರಾದ ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. ಹಣ ಬರಲಿಲ್ಲ. 2024ರ ಜನವರಿಯಲ್ಲಿ ರಾಜ್ಯ ತನ್ನ ಮಟ್ಟದಲ್ಲಿ ರೈತರಿಗೆ 2,000 ರೂಪಾಯಿವರೆಗಿನ ಮೊದಲ ಕಂತು ಕೊಟ್ಟಿತು. ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಗೆ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ. ಉಳಿದ ಹಣ ರೈತರ ಖಾತೆ ಸೇರುವ ಹೊತ್ತಿಗೆ ಮುಂದಿನ ವರ್ಷದ ಉಳುಮೆ ಎದುರಿಗಿತ್ತು.

ಕೇಂದ್ರ ತಪ್ಪು ಎಂದು ರಾಜ್ಯ, ರಾಜ್ಯ ತಪ್ಪು ಎಂದು ಕೇಂದ್ರ. ಈ ಜಗಳದಲ್ಲಿ ಯಾರ ಪರ ನಿಲ್ಲಬೇಕೆಂಬುದು ನಮ್ಮ ಪ್ರಶ್ನೆಯಲ್ಲ. ಎರಡು ಸರ್ಕಾರಗಳ ನಡುವಿನ ಲೆಕ್ಕ ಇತ್ಯರ್ಥವಾಗುವವರೆಗೆ ರೈತರು ಕೈಸಾಲಕ್ಕೆ ಓಡಾಡಬೇಕೇಕೆ? ವಿಪತ್ತಿಗೊಳಗಾದವರ ಸಾಲದ ವಿಷಯದಲ್ಲಿ ರಿಯಾಯಿತಿ ಶಿಫಾರಸು ಮಾಡುವ ಅಧಿಕಾರವನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ 2005ರ ಕಾಯ್ದೆಯ 13ನೇ ಕಲಮು ಕೊಟ್ಟಿತ್ತು. 2024ರ ಜುಲೈ 30ರ ವಯನಾಡಿನ ದುರಂತದ ನಂತರ ಸಂತ್ರಸ್ತರ ಸಾಲಮನ್ನಾದ ಪ್ರಶ್ನೆ ಕೇರಳ ಹೈಕೋರ್ಟಿನ ಮುಂದೆ ಇದ್ದಾಗಲೇ, 2025ರ ತಿದ್ದುಪಡಿಯಲ್ಲಿ ಆ ಕಲಮನ್ನೇ ತೆಗೆದುಹಾಕಲಾಯಿತು. ನೆರವಿನ ಅಳತೆ ಹಿಗ್ಗದಿರಲಿ, ಇದ್ದ ಬಾಗಿಲೂ ಮುಚ್ಚಬೇಕೇ?

ಗುಡ್ಡಗಾಡಿನವರಾದ ನಮಗೆ ಇನ್ನೊಂದು ಪ್ರಶ್ನೆಯಿದೆ. ವಿಪತ್ತು ನಿಧಿಗೆ ಈಶಾನ್ಯದ ಹಾಗೂ ಹಿಮಾಲಯದ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇಕಡಾ 90, ಉಳಿದ ಕಡೆ 75. ಪಶ್ಚಿಮಘಟ್ಟವು ಆರು ರಾಜ್ಯಗಳಲ್ಲಿ ಹಂಚಿಹೋಗಿರುವುದರಿಂದ ಅದು ಯಾರ ಲೆಕ್ಕದಲ್ಲಿಯೂ ‘ಗುಡ್ಡಗಾಡು’ ಅಲ್ಲ. ಕಾಡು ಉಳಿಸಿಕೊಳ್ಳಿ ಎನ್ನುವಾಗ ನಾವು ವಿಶೇಷ. ಕಾಡಿನ ನಡುವೆ ಬದುಕುವ ಕಷ್ಟಕ್ಕೆ ಹೆಗಲು ಕೊಡುವಾಗ ನಾವು ಸಾಮಾನ್ಯ.

ನಾವೂ ಕನ್ನಡಿ ನೋಡಿಕೊಳ್ಳಬೇಕು

ಸರ್ಕಾರವನ್ನು ಬೈದು ಕೈತೊಳೆದುಕೊಳ್ಳುವುದು ನಮ್ಮ ಪತ್ರಿಕೆಯ ರೀತಿಯಲ್ಲ. ವಿಪತ್ತೆಲ್ಲ ಆಕಾಶದಿಂದಲೇ ಬೀಳುವುದಿಲ್ಲ. 2018ರ ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅತಿಮಳೆಯೊಡನೆ ಇಳಿಜಾರುಗಳಲ್ಲಿ ಮನುಷ್ಯರು ಮಾಡಿದ ಕಡಿತವನ್ನೂ ಕಾರಣವಾಗಿ ಎತ್ತಿ ಹೇಳಿತು. ಹೆದ್ದಾರಿಗೆ ಗುಡ್ಡವನ್ನು ನೆಟ್ಟಗೆ ಸೀಳುವವರು ಒಂದು ಕಡೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದದ್ದನ್ನು ನಾಡೆಲ್ಲ ಕಂಡಿದೆ. ಆದರೆ ಯಂತ್ರ ತಂದು ಧರೆ ಕಡಿದು ತೋಟಕ್ಕೆ ರಸ್ತೆ ಮಾಡಿದವರು, ನೀರು ಇಂಗುತ್ತಿದ್ದ ಗದ್ದೆಗೆ ಮಣ್ಣು ತುಂಬಿ ಅಡಿಕೆ ನೆಟ್ಟವರು, ಸೊಪ್ಪಿನ ಬೆಟ್ಟವನ್ನು ಬೋಳಿಸಿದವರು ನಮ್ಮೊಳಗೂ ಇದ್ದಾರೆ. ಅಡಿಕೆಯ ಧಾರಣೆ ಏರಿದಾಗ ಬೆಟ್ಟ ಹತ್ತಿದ ಗುದ್ದಲಿ, ಬೆಟ್ಟ ಇಳಿದಾಗ ಅರ್ಜಿಯಾಗಿ ತಾಲ್ಲೂಕು ಕಚೇರಿಗೆ ಬರುತ್ತದೆ.

ಹಾಗೆಂದು ತಪ್ಪಿತಸ್ಥರ ಪರಿಹಾರ ಕತ್ತರಿಸಿ ಎನ್ನುವವರ ಸಾಲಿಗೆ ನಾವು ಸೇರುವುದಿಲ್ಲ. ಮೇಲಿನವನು ಕಡಿದ ಧರೆ ಕೆಳಗಿನವನ ತೋಟದ ಮೇಲೆ ಬೀಳುತ್ತದೆ. ಶಿಕ್ಷೆ ಅನುಭವಿಸುವವರು ತಪ್ಪು ಮಾಡಿದವರಲ್ಲ. ನಾವು ಹೇಳುವುದಿಷ್ಟೆ: ನೆರವಿನ ಹಣ ಭೂಮಿಯನ್ನು ಮತ್ತೆ ನಿಲ್ಲಿಸುವ ಕೆಲಸಕ್ಕೂ ಒದಗಬೇಕು. 2011ರ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿಯ ವರದಿಯನ್ನು ಸುಡಬೇಕೆಂದವರೇ ಹೆಚ್ಚು, ಓದಿದವರು ಕಡಿಮೆ. ಮಣ್ಣಿನಲ್ಲಿ ಇಂಗಾಲ ಹೆಚ್ಚಿಸುವ ರೈತರಿಗೆ ಪ್ರೋತ್ಸಾಹಧನ ಕೊಡಬೇಕೆಂಬ ಮಾತು ಆ ವರದಿಯಲ್ಲಿತ್ತು. ದಂಡದ ಭಯ ಹುಟ್ಟಿಸುವ ಮಾತುಗಳೆಲ್ಲ ಊರೂರಿಗೆ ತಲುಪಿದವು; ಕೊಡುವ ಮಾತು ಮಾತ್ರ ಘಟ್ಟ ಹತ್ತಲಿಲ್ಲ.

ನಮ್ಮ ಒತ್ತಾಯ

ವಿಮೆಯಿಲ್ಲದ ಬೆಳೆಗೆ ಕೊಡುವ ನೆರವು ಭಿಕ್ಷೆಯಲ್ಲ. ಘಟ್ಟದ ಮೇಲೆ ಮಣ್ಣನ್ನೂ ನೀರನ್ನೂ ಕಾಯುತ್ತಿರುವ ಸಣ್ಣ ಸಾಗುವಳಿದಾರರಿಗೆ, ಅದೇ ನದಿಗಳ ನೀರು ಕುಡಿಯುವ ನಾಡು ತೀರಿಸಬೇಕಾದ ಸಾಲ ಅದು. ಆದ್ದರಿಂದ ನಮ್ಮ ಒತ್ತಾಯಗಳು ಇವು:

ಒಂದು, ನೆರವು ಸಾಗುವಳಿ ಮಾಡಿದವರಿಗೆ ಸೇರಬೇಕು. ಪಹಣಿ ಇಲ್ಲದ ಕಡೆ, ಪಹಣಿದಾರ ಬೇರೆಯಾಗಿರುವ ಕಡೆ ಗ್ರಾಮಸಭೆಯ ಎದುರಿನಲ್ಲಿ ಮಹಜರು ನಡೆಸಿ ಬೆಳೆದವರ ಹೆಸರು ದಾಖಲಿಸಬೇಕು. ಇದರಿಂದ ಭೂಮಿಯ ಹಕ್ಕು ಹುಟ್ಟುವುದಿಲ್ಲ ಎಂದು ಬೇಕಾದರೆ ಬರೆದುಕೊಳ್ಳಲಿ. ಹಸಿವಿಗೆ ಹಕ್ಕುಪತ್ರ ಬೇಕಿಲ್ಲ.

ಎರಡು, ಬಹುವಾರ್ಷಿಕ ಬೆಳೆ ನಾಶವಾದರೆ ಮತ್ತೆ ಫಲ ಬರುವವರೆಗಿನ ಅಷ್ಟೂ ವರ್ಷಗಳ ಲೆಕ್ಕದಲ್ಲಿ ನೆರವು ನಿಗದಿಯಾಗಬೇಕು. ಮಿಶ್ರಬೆಳೆಯನ್ನು ಮಿಶ್ರಬೆಳೆಯೆಂದೇ ಎಣಿಸಬೇಕು.

ಮೂರು, ವಿಪತ್ತು ನಿಧಿಯ ಶೇಕಡಾ 10ರಷ್ಟನ್ನು ಸ್ಥಳೀಯ ವಿಪತ್ತುಗಳಿಗೆ ಬಳಸುವ ಸ್ವಾತಂತ್ರ್ಯ ರಾಜ್ಯಕ್ಕಿದೆ. ದೀರ್ಘಮಳೆಯ ಬೆನ್ನಿಗೆ ಬರುವ ಅಡಿಕೆಯ ಕೊಳೆರೋಗ, ಎಲೆಚುಕ್ಕಿ ರೋಗಗಳನ್ನು ಈ ಪಟ್ಟಿಗೆ ಶಾಶ್ವತವಾಗಿ ಸೇರಿಸಬೇಕು.

ನಾಲ್ಕು, ಸಮೀಕ್ಷೆಯಾದ 30 ದಿನಗಳೊಳಗೆ ಹಣ ಪಾವತಿಯಾಗಬೇಕು. ಯಾರಿಗೆಷ್ಟು, ಯಾರಿಗಿಲ್ಲ, ಏಕಿಲ್ಲ ಎಂಬ ಪಟ್ಟಿಯನ್ನು ಪಂಚಾಯಿತಿಯ ಗೋಡೆಯ ಮೇಲೆ ಅಂಟಿಸಬೇಕು.

ಐದು, ಕುಸಿದ ಇಳಿಜಾರನ್ನು ಸ್ಥಳೀಯ ಗಿಡಮರ, ಹುಲ್ಲುಗಳಿಂದ ಕಟ್ಟುವ ಕೆಲಸಕ್ಕೆ ಪ್ರತ್ಯೇಕ ಹಣ ಬರಬೇಕು, ಆ ಕೆಲಸ ಊರಿನ ಕೂಲಿಕಾರರಿಗೇ ಸಿಗಬೇಕು.

ಸರ್ಕಾರ ಇದನ್ನೆಲ್ಲ ತಾನಾಗಿ ಮಾಡೀತೆಂಬ ಭ್ರಮೆ ನಮಗಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿ ಊರಿನವರೂ ಮೂರು ಕೆಲಸ ಮಾಡಿರಿ. ನಿಮ್ಮ ನಿಮ್ಮ ಮಜರೆಯ ಮಳೆಯನ್ನು ನೀವೇ ಅಳೆದು ದಿನವಹಿ ಬರೆದಿಡಿ. ಶಾಲೆಯ ಮಕ್ಕಳೂ ಮಾಡಬಲ್ಲ ಕೆಲಸವಿದು. ಯಾರ ಜಮೀನನ್ನು ಯಾರು ಮಾಡುತ್ತಿದ್ದಾರೆ ಎಂಬ ಪಟ್ಟಿಯನ್ನು ಊರೊಟ್ಟಿನ ಸಭೆಯಲ್ಲಿ ತಯಾರಿಸಿ, ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ. ಸತ್ತವರ ಹೆಸರಿನಲ್ಲಿರುವ ಖಾತೆಗಳನ್ನು, ವಿಶೇಷವಾಗಿ ವಿಧವೆಯರ ಮನೆಯವನ್ನು, ಬದಲಾಯಿಸಲು ಓದುಬಲ್ಲ ಯುವಕ ಯುವತಿಯರು ಜೊತೆಗೆ ನಿಲ್ಲಲಿ.

ಆರಂಭದಲ್ಲಿ ಹೇಳಿದ ಆ ತಾಯಿ ಈ ವರ್ಷವೂ ಗದ್ದೆಯ ಮರಳನ್ನು ಬುಟ್ಟಿಯಲ್ಲಿ ಹೊತ್ತು ಹಾಕುತ್ತಿದ್ದಾರೆ. ವಿಮೆ ಏಕೆ ಮಾಡಿಸಲಿಲ್ಲವೆಂದು ಕೇಳಿದವರಿಗೆ ಅವರು ಅಂದು ಉತ್ತರಿಸಲಿಲ್ಲವಂತೆ. ಸತ್ತ ಮಾವನ ಹೆಸರಿಗೆ ವಿಮೆಯಿಲ್ಲ, ಪರರ ಗದ್ದೆಗೆ ತನ್ನ ಹೆಸರಿನ ವಿಮೆಯಿಲ್ಲ, ಕಾಡಿನಂಚಿನ ತುಂಡಿಗೆ ಯಾರ ವಿಮೆಯೂ ಇಲ್ಲ. ಅವರ ಪರವಾಗಿ ಉತ್ತರ ಹೇಳಬೇಕಾದವರು ನಾವು. ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳೋಣ.